ಐರ್ಲೆಂಡಿನ ಬೀಗರ ವಂಶಾವಳಿಯೂ ತೋಟದಂಚಿನ ಗೋರಿಯೂ

ಪ್ರಶ್ನೆ: ನನ್ನ ಮಗ ಡಬ್ಲಿನ್ನಿನಲ್ಲಿ ಉದ್ಯೋಗದಲ್ಲಿದ್ದು, ಅಲ್ಲಿನ ಹುಡುಗಿಯನ್ನೇ ಮದುವೆಯಾಗಿದ್ದಾನೆ. ಮೊಮ್ಮಗಳಿಗಾಗಿ ಎರಡೂ ಕಡೆಯ ವಂಶವೃಕ್ಷ ಬರೆಸಿಡಬೇಕೆಂಬುದು ನಮ್ಮ ಆಸೆ. ನಮ್ಮ ಮನೆತನದ್ದನ್ನು ಹೆಳವರ ಬಾಯಿಂದ ಕೇಳಿ ಬರೆದುಕೊಂಡಿದ್ದೇವೆ. ಸೊಸೆಗೆ ತಿಳಿದಿರುವುದು ಇಷ್ಟೇ: ಆಕೆಯ ಅಜ್ಜಿಯ ಅಜ್ಜಿ ಬ್ರಿಜೆಟ್ ಎಂಬುವರು ಮೇಯೋ ಕೌಂಟಿಯ ಕ್ಯಾಥೊಲಿಕರು, 1870ರ ಸುಮಾರಿಗೆ ಹುಟ್ಟಿದವರು. ಹಳೆಯ ದಾಖಲೆಗಳೆಲ್ಲ ಬೆಂಕಿಗೆ ಆಹುತಿಯಾದವೆಂದು ಬೀಗರೇ ಹೇಳುತ್ತಾರೆ. ಹುಡುಕಿ ಪ್ರಯೋಜನವುಂಟೇ?
ಓದುಗರೊಬ್ಬರು, ಮೂಡಿಗೆರೆ

ಉತ್ತರ: ಖಂಡಿತವಾಗಿಯೂ ಉಂಟು. ಬೀಗರು ಹೇಳುವ ಬೆಂಕಿ 1922ರ ಜೂನ್ 30ರದು. ಅಂತರ್ಯುದ್ಧದ ಸಂದರ್ಭದಲ್ಲಿ ಡಬ್ಲಿನ್ನಿನ ಫೋರ್ ಕೋರ್ಟ್ಸ್ ಆವರಣದಲ್ಲಿದ್ದ ಸರ್ಕಾರಿ ದಾಖಲೆಗಳ ಕಚೇರಿ ಸ್ಫೋಟಕ್ಕೆ ಸಿಕ್ಕಿ ಸುಟ್ಟಿತು. 1821ರಿಂದ 1851ರವರೆಗಿನ ಜನಗಣತಿಯ ಬಹುಭಾಗ, ಮೂಲ ಉಯಿಲುಗಳು ಮತ್ತು ಚರ್ಚ್ ಆಫ್ ಐರ್ಲೆಂಡ್ ಎಂಬ ಪ್ರೊಟೆಸ್ಟೆಂಟ್ ಪಂಗಡದ ದೀಕ್ಷಾಸ್ನಾನ, ಮದುವೆ, ಶವಸಂಸ್ಕಾರಗಳ ದಾಖಲೆ ಪುಸ್ತಕಗಳಲ್ಲಿ ಅರ್ಧಕ್ಕಿಂತ ಹೆಚ್ಚು ಅಲ್ಲಿ ನಾಶವಾದವು. ಆದರೆ ಕ್ಯಾಥೊಲಿಕರ ಪುಸ್ತಕಗಳು ಅಲ್ಲಿರಲೇ ಇಲ್ಲ. ಚರ್ಚ್ ಆಫ್ ಐರ್ಲೆಂಡ್ ಒಂದು ಕಾಲಕ್ಕೆ ರಾಜ್ಯದ ಅಧಿಕೃತ ಚರ್ಚಾಗಿದ್ದರಿಂದ ಅದರ ಪುಸ್ತಕಗಳನ್ನು ಸರ್ಕಾರಿ ಸ್ವತ್ತೆಂದು ಎಣಿಸಿ ಡಬ್ಲಿನ್ನಿಗೆ ತರಿಸಿಕೊಂಡಿದ್ದರು; ಕ್ಯಾಥೊಲಿಕರವು ಆಯಾ ಊರಿನ ಪಾದ್ರಿಗಳ ಮನೆಯಲ್ಲೇ ಉಳಿದು ಬಚಾವಾದವು. ಅಧಿಕಾರದಿಂದ ದೂರವಿದ್ದವರಿಗೆ ಅದೊಂದು ಸಲ ಲಾಭವಾಯಿತೆನ್ನಬೇಕು.

ನೀವು ನೇರವಾಗಿ ಬ್ರಿಜೆಟ್ ಅವರನ್ನು ಹುಡುಕಲು ಹೊರಡಬೇಡಿ. ಒಂದೇ ಹೆಸರಿನ, ಒಂದೇ ಮನೆತನದ ಹತ್ತಾರು ಬ್ರಿಜೆಟ್‌ಗಳು ಮೇಯೋ ಒಂದರಲ್ಲೇ ಸಿಕ್ಕಾರು. ಸೊಸೆಯ ಅಜ್ಜಿಯಿಂದ ಆರಂಭಿಸಿ ಒಂದೊಂದೇ ತಲೆಮಾರು ಹಿಂದಕ್ಕೆ ಸರಿಯಬೇಕು. ಐರ್ಲೆಂಡಿನಲ್ಲಿ 1864ರ ಜನವರಿ 1ರಿಂದ ಎಲ್ಲ ಮತದವರ ಜನನ, ಮದುವೆ, ಮರಣಗಳೂ ಸರ್ಕಾರಿ ನೋಂದಣಿಗೆ ಒಳಪಟ್ಟಿವೆ. ನೂರು ವರ್ಷ ದಾಟಿದ ಜನನ ದಾಖಲೆಗಳ ಚಿತ್ರಗಳನ್ನು ಸರ್ಕಾರವೇ ಅಂತರ್ಜಾಲದಲ್ಲಿ ಉಚಿತವಾಗಿ ತೆರೆದಿಟ್ಟಿದೆ. ಮದುವೆಯ ದಾಖಲೆಯಲ್ಲಿ ವಧೂವರರಿಬ್ಬರ ತಂದೆಯರ ಹೆಸರೂ ಕಸುಬೂ ಇರುತ್ತವೆ. ಜನನದ ದಾಖಲೆಯಲ್ಲಿ ತಾಯಿಯ ತವರುಮನೆಯ ಹೆಸರಿರುತ್ತದೆ, ಹುಟ್ಟಿದ ಟೌನ್‌ಲ್ಯಾಂಡ್ ಇರುತ್ತದೆ. ಈ ಟೌನ್‌ಲ್ಯಾಂಡ್ ಎಂಬುದು ನಮ್ಮ ಕಂದಾಯ ಲೆಕ್ಕದ ಗ್ರಾಮದಂಥದು, ಕೆಲವು ನಮ್ಮ ಒಂದು ಕಾಫಿ ತೋಟಕ್ಕಿಂತಲೂ ಚಿಕ್ಕವು. ಇಡೀ ಐರ್ಲೆಂಡ್ ದ್ವೀಪದಲ್ಲಿ ಅರವತ್ತು ಸಾವಿರಕ್ಕೂ ಹೆಚ್ಚಿವೆ. ಅದು ತಿಳಿಯಿತೆಂದರೆ ಅರ್ಧ ಕೆಲಸ ಮುಗಿದಂತೆ. ಮೂಡಿಗೆರೆಯವರೆಂದರೆ ಸಾಲದು, ಯಾವ ಹೋಬಳಿ, ಯಾವ ಹಳ್ಳಿ ಎಂದು ನಮ್ಮಲ್ಲಿ ಕೇಳುವುದಿಲ್ಲವೇ, ಹಾಗೆ.

ಊರು ತಿಳಿದ ಮೇಲೆ ಧರ್ಮಕೇಂದ್ರದ ಪುಸ್ತಕಗಳಿಗೆ ಬನ್ನಿ. ಸುಮಾರು 1880ರವರೆಗಿನ ಕ್ಯಾಥೊಲಿಕ್ ಪುಸ್ತಕಗಳ ಚಿತ್ರಗಳನ್ನು ಐರ್ಲೆಂಡಿನ ರಾಷ್ಟ್ರೀಯ ಗ್ರಂಥಾಲಯ 2015ರಲ್ಲಿ ಉಚಿತವಾಗಿ ಬಿಡುಗಡೆ ಮಾಡಿತು. ಮೇಯೋ ಇರುವ ಪಶ್ಚಿಮ ಭಾಗದ ಅನೇಕ ಕಡೆ ಪುಸ್ತಕಗಳು ತಡವಾಗಿ ಆರಂಭವಾದವು ಎಂಬುದು ನೆನಪಿರಲಿ. ಹಲವು ಪುಸ್ತಕಗಳು ಲ್ಯಾಟಿನ್ ಭಾಷೆಯಲ್ಲಿವೆ. ಅಲ್ಲಿ ಜೇಮ್ಸ್ ಜಾಕೋಬಸ್ ಆಗಿರುತ್ತಾನೆ, ವಿಲಿಯಂ ಗುಲಿಯೆಲ್ಮಸ್ ಆಗಿರುತ್ತಾನೆ, ನಿಮ್ಮ ಬ್ರಿಜೆಟ್ ಬ್ರಿಗಿಡಾ ಆಗಿರುತ್ತಾರೆ. ಮನೆತನದ ಹೆಸರಿನ ಮೊದಲಿಗೆ ಬರುವ ಓ ಮತ್ತು ಮ್ಯಾಕ್ ಎಂಬ ಪೂರ್ವಪದಗಳು ಒಂದು ಪುಟದಲ್ಲಿದ್ದರೆ ಇನ್ನೊಂದರಲ್ಲಿ ಇರುವುದಿಲ್ಲ. ದೀಕ್ಷಾಸ್ನಾನದಲ್ಲಿ ಮಗುವಿಗೆ ಹೊಣೆಗಾರರಾಗಿ ನಿಂತವರ ಹೆಸರುಗಳನ್ನು ಬಿಡದೆ ಬರೆದುಕೊಳ್ಳಿ; ಅವರಲ್ಲಿ ಸೋದರಮಾವ, ಅತ್ತೆ, ಚಿಕ್ಕಮ್ಮಂದಿರೇ ಹೆಚ್ಚು. ಮೊದಲ ಮಗನಿಗೆ ತಂದೆಯ ತಂದೆಯ ಹೆಸರು, ಮೊದಲ ಮಗಳಿಗೆ ತಾಯಿಯ ತಾಯಿಯ ಹೆಸರು ಇಡುವ ರೂಢಿ ಅಲ್ಲಿ ವ್ಯಾಪಕವಾಗಿತ್ತು. ತಾತನ ಹೆಸರನ್ನು ಮೊಮ್ಮಗನಿಗಿಡುವ ನಿಮಗೆ ಇದನ್ನು ವಿವರಿಸಬೇಕಿಲ್ಲ, ಆದರೂ ಇದನ್ನು ಸುಳಿವಾಗಿ ಬಳಸಿರಿ, ಪುರಾವೆಯಾಗಿ ಅಲ್ಲ.

ವಯಸ್ಸುಗಳು ತಾಳೆಯಾಗದಿದ್ದರೆ ಗಾಬರಿ ಬೇಡ. ಹುಟ್ಟುವ ಮೊದಲೇ ದೀಕ್ಷಾಸ್ನಾನವಾದ ಮಕ್ಕಳು ಐರಿಷ್ ದಾಖಲೆಗಳಲ್ಲಿ ಸಾಕಷ್ಟು ಸಿಗುತ್ತಾರೆ: ಮಗುವನ್ನು ಕೆಲವೇ ದಿನಗಳಲ್ಲಿ ಚರ್ಚಿಗೆ ಒಯ್ಯುತ್ತಿದ್ದ ತಂದೆತಾಯಿಗಳು ನೋಂದಣಿಗೆ ನಿಧಾನವಾಗಿ ಹೋಗಿ, ದಂಡ ತಪ್ಪಿಸಿಕೊಳ್ಳಲು ಹುಟ್ಟಿದ ದಿನವನ್ನು ಮುಂದಕ್ಕೆ ಹಾಕಿಸುತ್ತಿದ್ದರು. ಇಂಥಲ್ಲಿ ಪಾದ್ರಿಯ ಪುಸ್ತಕವನ್ನೇ ನಂಬುವುದು ಲೇಸು. ಪೂರ್ಣವಾಗಿ ಉಳಿದಿರುವ 1901 ಮತ್ತು 1911ರ ಜನಗಣತಿಗಳನ್ನು ಹೋಲಿಸಿದರೆ, ಹತ್ತು ವರ್ಷಗಳಲ್ಲಿ ಹದಿನೈದು ವರ್ಷ ಮುದುಕರಾದವರೂ ಕಾಣುತ್ತಾರೆ. 1908ರ ಕಾಯಿದೆಯಂತೆ ಎಪ್ಪತ್ತು ತುಂಬಿದವರಿಗೆ ವೃದ್ಧಾಪ್ಯ ವೇತನ ಬಂದದ್ದು ಇದಕ್ಕೆ ಒಂದು ಕಾರಣ. ಜನನ ನೋಂದಣಿಯಿಲ್ಲದ ಕಾಲದ ಆ ವೃದ್ಧರ ವಯಸ್ಸನ್ನು ಖಚಿತಪಡಿಸಲು 1841 ಮತ್ತು 1851ರ ಜನಗಣತಿಯನ್ನು ತೆಗೆದು ನೋಡುತ್ತಿದ್ದರು. ಮೂಲ ಸುಟ್ಟುಹೋದರೂ ಆ ಶೋಧದ ಅರ್ಜಿಗಳು ಉಳಿದಿವೆ. ಬ್ರಿಜೆಟ್ ಅವರ ತಂದೆಯೋ ತಾಯಿಯೋ ಅರ್ಜಿ ಹಾಕಿದ್ದರೆ, ಕಳೆದುಹೋದ ಗಣತಿಯ ಒಂದು ಮನೆ ನಿಮಗೆ ಅದರಲ್ಲಿ ದೊರೆಯುತ್ತದೆ.

ಸ್ಮಶಾನಕ್ಕೆ ಮಗನನ್ನು ಕಳುಹಿಸುವುದಾದರೆ, ಈಗಿನ ಚರ್ಚಿನ ಅಂಗಳವೊಂದನ್ನೇ ನೋಡಿ ಬರಬಾರದೆಂದು ತಿಳಿಸಿ. ಹಳೆಯ ಕ್ಯಾಥೊಲಿಕ್ ಕುಟುಂಬಗಳು ಮಧ್ಯಯುಗದ ಪಾಳು ಚರ್ಚುಗಳ ಸುತ್ತಲೂ ತಮ್ಮವರನ್ನು ಹೂಳುತ್ತಿದ್ದವು. ಬಡವರ ತಲೆಯ ಬಳಿ ಅಕ್ಷರವಿಲ್ಲದ ಕಾಡುಗಲ್ಲೊಂದೇ ಇರುತ್ತದೆ.

ಪ್ರಶ್ನೆ: ಸಕಲೇಶಪುರದ ಬಳಿಯ ನಮ್ಮ ತೋಟದ ಅಂಚಿನಲ್ಲಿ ಬ್ರಿಟಿಷರ ಕಾಲದ ಗೋರಿಯೊಂದಿದೆ. ಕಲ್ಲಿನಲ್ಲಿ ಕೌಂಟಿ ಕಾರ್ಕ್ ಎಂಬುದಷ್ಟೇ ಓದಲು ಬರುತ್ತದೆ. ತಂತಿ ಬ್ರಷ್ ಮತ್ತು ಆಸಿಡ್ ಹಾಕಿ ಉಜ್ಜಿಸಿ, ಅಕ್ಷರಗಳಿಗೆ ಕಪ್ಪು ಬಣ್ಣ ತುಂಬಿಸಬಹುದೇ? ಅವರ ಕಡೆಯವರನ್ನು ಪತ್ತೆಮಾಡಲು ಸಾಧ್ಯವೇ?
ಓದುಗರೊಬ್ಬರು, ಸಕಲೇಶಪುರ

ಉತ್ತರ: ದಯವಿಟ್ಟು ಎರಡನ್ನೂ ಮಾಡಬೇಡಿ. ನೂರೈವತ್ತು ಮಳೆಗಾಲ ತಡೆದುಕೊಂಡ ಅಕ್ಷರವನ್ನು ಆಸಿಡ್ ಒಂದು ಮಧ್ಯಾಹ್ನದಲ್ಲಿ ತಿಂದುಹಾಕುತ್ತದೆ. ಬಣ್ಣ ತುಂಬುವವನು ಮಸುಕಾದ 3 ಅನ್ನು 8 ಎಂದು ಓದಿದರೆ ಆ ತಪ್ಪೇ ಶಾಶ್ವತವಾಗುತ್ತದೆ. ಬರಿಯ ನೀರು ಮತ್ತು ಮೆತ್ತನೆಯ ಬ್ರಷ್ ಸಾಕು. ಬಿಸಿಲು ಓರೆಯಾಗಿ ಬೀಳುವ ಹೊತ್ತಿನಲ್ಲಿ ಚಿತ್ರ ತೆಗೆಯಿರಿ, ಮರದ ನೆರಳಿದ್ದರೆ ಕನ್ನಡಿಯಿಂದ ಬೆಳಕನ್ನು ಪಕ್ಕದಿಂದ ಹಾಯಿಸಿ. ನಿಮ್ಮ ಕಡೆ ಆನೆಗಳ ಕಾಟವಿರುವುದರಿಂದ ಸಂಜೆಗಿಂತ ಬೆಳಗೇ ಒಳ್ಳೆಯದು. ಓದಿದ್ದನ್ನು ಸಾಲು ಸಾಲಾಗಿ, ಕಂಡಂತೆಯೇ ಬರೆದು, ಊಹಿಸಿದ ಅಕ್ಷರಗಳನ್ನು ಬೇರೆಯಾಗಿ ಗುರುತಿಸಿ.

ಕಾರ್ಕ್ ಐರ್ಲೆಂಡಿನ ಒಂದು ಕೌಂಟಿ; ಹೆಸರು, ವರ್ಷ ಸಿಕ್ಕರೆ ಪತ್ತೆ ಸಾಧ್ಯ. ಭಾರತದಲ್ಲಿ ಚರ್ಚುಗಳು ನಡೆಸಿದ ಶವಸಂಸ್ಕಾರಗಳ ದಾಖಲೆಯ ಪ್ರತಿಗಳು ಲಂಡನ್ನಿಗೆ ಹೋಗುತ್ತಿದ್ದು, ಅವು ಈಗ ಬ್ರಿಟಿಷ್ ಲೈಬ್ರರಿಯಲ್ಲಿವೆ. ನೀವು ಮದ್ರಾಸ್ ಪ್ರಾಂತ್ಯದ ಸರಣಿಯನ್ನು ನೋಡಬೇಕು. ಸತ್ತವರು ಕ್ಯಾಥೊಲಿಕರಾಗಿದ್ದರೆ ಹತ್ತಿರದ ಹಳೆಯ ಧರ್ಮಕೇಂದ್ರದಲ್ಲೂ ವಿಚಾರಿಸಿ. ಚಿಕ್ಕಮಗಳೂರು ಧರ್ಮಪ್ರಾಂತ್ಯ 1963ರಲ್ಲಿ ಮೈಸೂರಿನಿಂದ ಬೇರೆಯಾದದ್ದರಿಂದ ಎರಡೂ ಕಡೆಗೆ ಪತ್ರ ಬರೆಯುವುದು ಕ್ಷೇಮ. ಭಾರತದ ಯೂರೋಪಿಯನ್ ಸ್ಮಶಾನಗಳ ವಿವರ ಸಂಗ್ರಹಿಸಲೆಂದೇ 1976ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ಸಂಘವೂ ನಿಮ್ಮ ಚಿತ್ರವನ್ನು ಸಂತೋಷದಿಂದ ಸ್ವೀಕರಿಸೀತು.

ಆಸ್ತಿಯುಳ್ಳ ಪ್ಲಾಂಟರ್ ಆಗಿದ್ದರೆ ಇನ್ನೊಂದು ದಾರಿಯಿದೆ. ಉಯಿಲುಗಳು 1922ರಲ್ಲಿ ಸುಟ್ಟರೂ, 1858ರಿಂದ ವರ್ಷವರ್ಷವೂ ಅಚ್ಚಾದ ಅವುಗಳ ಸಾರಾಂಶ ಪಟ್ಟಿ ಐರ್ಲೆಂಡಿನ ರಾಷ್ಟ್ರೀಯ ದಾಖಲಾಗಾರದಲ್ಲಿ ಉಳಿದಿದ್ದು, ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತದೆ. ಸತ್ತವರ ವಿಳಾಸ, ಸತ್ತ ದಿನ, ಆಸ್ತಿಯ ಮೌಲ್ಯ, ಅದರ ಹೊಣೆ ಹೊತ್ತವರ ಹೆಸರು ಅದರಲ್ಲಿರುತ್ತವೆ. ಆ ಹೊಣೆ ಹೊತ್ತವರು ಎಷ್ಟೋ ಸಲ ಊರಲ್ಲೇ ಉಳಿದ ಅಣ್ಣನೋ ತಮ್ಮನೋ ಆಗಿರುತ್ತಾರೆ. ಅವರ ಮನೆಯನ್ನು 1901ರ ಜನಗಣತಿಯಲ್ಲಿ ಹುಡುಕಿ.