ನ್ಯೂಯಾರ್ಕ್ ಯಾಂಕೀಸ್ ಟೀಮಲ್ಲಿ ಆಡಿದ ಬೇಸ್‌ಬಾಲ್ ಆಟಗಾರ ಡೆರೆಕ್ ಜೀಟರ್‌ಗೆ ಅವನ ಆಟಕ್ಕಿಂತ ಜಾಸ್ತಿ ಹೆಸರು ಬಂತಾ?

ಬ್ಯಾಟಿಂಗಲ್ಲಿ ಇಲ್ಲ, ಫೀಲ್ಡಿಂಗಲ್ಲಿ ಹೌದು ಅಂತೀನಿ. ಶಾರ್ಟ್‌ಸ್ಟಾಪ್ (ಸೆಕೆಂಡ್ ಮತ್ತೆ ಥರ್ಡ್ ಬೇಸ್ ನಡುವೆ ನಿಲ್ಲೋ ಫೀಲ್ಡರ್) ಆಗಿ ಆಡ್ಕೊಂಡು 3,465 ಹಿಟ್ಸ್ ಹೊಡೆಯೋದು ಹುಡುಗಾಟ ಅಲ್ಲ ಬಿಡಿ. ಆದ್ರೆ 5 ಗೋಲ್ಡ್ ಗ್ಲೋವ್ (ಒಳ್ಳೆ ಫೀಲ್ಡಿಂಗಿಗೆ ಕೊಡೋ ಪ್ರಶಸ್ತಿ) ಕೊಟ್ಟಿದ್ದು ಯಾಕೋ ಅತಿಯಾಯ್ತು, ಬಲಗಡೆ ಓಡಿ ಗಾಳೀಲಿ ಹಾರಿ ಫಸ್ಟ್ ಬೇಸಿಗೆ ಎಸೀತಿದ್ದ ಆ ಥ್ರೋ ಟೀವೀಲಿ ಚೆಂದ ಕಾಣ್ತಿತ್ತು ನಿಜ, ಎಡಗಡೆ ಸೆಕೆಂಡ್ ಬೇಸ್ ಹತ್ರ ಬರೋ ಬಾಲ್‌ಗಳು ಮಾತ್ರ ಅವನ ಕೈಗೆ ಸಿಗದೆ ದಾಟಿ ಹೋಗ್ತಿದ್ವು, ಅದನ್ನ ಯಾರೂ ರೀಪ್ಲೇ ತೋರಿಸಲ್ಲ ನೋಡಿ. 2004ರಲ್ಲಿ ಅಲೆಕ್ಸ್ ರಾಡ್ರಿಗಸ್ ಯಾಂಕೀಸ್‌ಗೆ ಬಂದಾಗ, ಹಿಂದಿನ ಎರಡು ವರ್ಷ ಶಾರ್ಟ್‌ಸ್ಟಾಪಲ್ಲೇ ಗೋಲ್ಡ್ ಗ್ಲೋವ್ ಗೆದ್ದಿದ್ದೋನು, ಜೀಟರ್ ಅಲ್ಲೇ ಇದ್ದಿದ್ರಿಂದ ಅವನೇ ಜಾಗ ಬಿಟ್ಟು ಥರ್ಡ್ ಬೇಸಿಗೆ ಹೋಗ್ಬೇಕಾಯ್ತು! ಒಟ್ಟು ಆಟದಲ್ಲಿ ರಾಡ್ರಿಗಸ್ಸೇ ಮೇಲು (ಆಟಕ್ಕೆ ಶಕ್ತಿ ಹೆಚ್ಚಿಸೋ ಡ್ರಗ್ಸ್ ತಗೊಂಡಿದ್ದ ವಿಷ್ಯ ಬೇರೆ). ಜೀಟರ್‌ಗೆ ಬೇಸ್‌ಬಾಲ್ ದಿಗ್ಗಜರನ್ನ ಸೇರಿಸೋ ಹಾಲ್ ಆಫ್ ಫೇಮಲ್ಲಿ 397ಕ್ಕೆ 396 ವೋಟ್ ಬಿದ್ದಿದ್ರಲ್ಲಿ ನ್ಯೂಯಾರ್ಕ್ ಜೆರ್ಸಿ ಪಾಲೂ ಇದೆ.