‘ಇಲ್ಲಿ ಮೊದಲು ಏನೂ ಇರಲಿಲ್ಲ’

*ಮಾನ್ಯ ಸಂಪಾದಕರೇ, ಹೋದ ಸಂಚಿಕೆಯ ನಗರ ಪುಟದಲ್ಲಿ ವೈಟ್‌ಫೀಲ್ಡನ್ನು ‘ಐಟಿಯವರು ಕಟ್ಟಿದ ಊರು’ ಎಂದು ಬರೆದಿದ್ದೀರಿ. ನಮ್ಮ ಇನ್ನರ್ ಸರ್ಕಲ್‌ಗೆ 1882ರಿಂದ ಇತಿಹಾಸವಿದೆ. ಆಂಗ್ಲೋ ಇಂಡಿಯನ್ ಸಂಘದ ಮುಂದಾಳು ಡಿ.ಎಸ್. ವೈಟ್ ಬರುವ ಮುನ್ನ ಇಲ್ಲಿ ಕುರುಚಲು ಬಯಲು ಬಿಟ್ಟರೆ ಏನೂ ಇರಲಿಲ್ಲ. ಚರ್ಚಿಲ್ ಕುದುರೆ ಏರಿ ಬರುತ್ತಿದ್ದ ವೇವರ್ಲಿ ಇನ್ ನಮ್ಮಲ್ಲೇ ಇತ್ತು. ನಿವಾಸಿಗಳ ಸಂಘದಿಂದ ಸ್ಮರಣ ಸಂಚಿಕೆ ತರುತ್ತಿದ್ದೇವೆ, ಕಮಾನನ್ನೂ ಕಟ್ಟಿಸುತ್ತಿದ್ದೇವೆ. ಕರಡು ಇಟ್ಟಿದ್ದೇನೆ, ತಿದ್ದಿ ಕಳಿಸಿದರೆ ಉಪಕಾರ.*
*— ಓದುಗ, ವೈಟ್‌ಫೀಲ್ಡ್*

ಸಂಪಾದಕರ ಉತ್ತರ: ಮೊದಲು ತಪ್ಪೊಪ್ಪಿಗೆ. ‘ಐಟಿಯವರು ಕಟ್ಟಿದ ಊರು’ ಎಂದು ಅಚ್ಚಾದದ್ದು ನಮ್ಮ ಸೋಮಾರಿತನ. ನೀವು ಕಿವಿ ಹಿಂಡಿದ್ದು ಸರಿ. ಆದರೆ ನಮ್ಮ ಕಿವಿ ಹಿಂಡಿದ ಮರುಸಾಲಿನಲ್ಲೇ ‘ಕುರುಚಲು ಬಯಲು ಬಿಟ್ಟರೆ ಏನೂ ಇರಲಿಲ್ಲ’ ಎಂದು ಬರೆದು ನೀವೂ ಅದೇ ಹಳ್ಳಕ್ಕೆ ಬಿದ್ದಿದ್ದೀರಿ. ನಾವು ನಿಮ್ಮ ನೂರು ವರ್ಷ ನುಂಗಿದೆವು. ನೀವು ಅಕ್ಕಪಕ್ಕದ ಹಳ್ಳಿಗಳ ಸಾವಿರ ವರ್ಷ ನುಂಗಿದಿರಿ.

ನಿಮ್ಮ ಕರಡಿನ ಗಟ್ಟಿ ಭಾಗ ಗಟ್ಟಿಯಾಗಿಯೇ ಇದೆ. 1881ರ ಮಾರ್ಚ್‌ನಲ್ಲಿ, ಐವತ್ತು ವರ್ಷಗಳ ಬ್ರಿಟಿಷ್ ಆಡಳಿತ ಮುಗಿದು ಮೈಸೂರು ಸಂಸ್ಥಾನ ಮತ್ತೆ ಒಡೆಯರ ಕೈಗೆ ಬಂತು. ಮರುವರ್ಷವೇ ಚಾಮರಾಜೇಂದ್ರ ಒಡೆಯರು ಯುರೋಪಿಯನ್–ಭಾರತೀಯ ಮಿಶ್ರ ಮೂಲದವರ ಯುರೇಷಿಯನ್ ಮತ್ತು ಆಂಗ್ಲೋ ಇಂಡಿಯನ್ ಸಂಘಕ್ಕೆ 3,900 ಎಕರೆ ಕೊಟ್ಟರು. ಅದರಲ್ಲಿ ಎದ್ದ ನೆಲೆಗಳಲ್ಲಿ ಒಂದು ವೈಟ್‌ಫೀಲ್ಡ್, ಇನ್ನೊಂದು ಸಾಸ್ಮಂಡ್. ನಡುವೆ ಹುಲ್ಲುಬಯಲು, ಅದರ ಸುತ್ತ ಒಳವೃತ್ತ, ಆಚೆಗೆ ಹೊರವೃತ್ತ. 1886ರ ಮೆಮೋರಿಯಲ್ ಚರ್ಚ್, ಕಿಟಕಿಗಳ ಮೇಲೆ ಚೂಪುತುದಿಯ ಮರದ ಹೊದಿಕೆಯ ಮಂಕಿ ಟಾಪ್ ಮನೆಗಳು, ಕ್ರಿಸ್‌ಮಸ್‌ಗೆ ಕಲ್‌ಕಲ್ ಎಂಬ ಕರಿದ ಸಿಹಿ ಮತ್ತು ವಾರಗಟ್ಟಲೆ ರಮ್ಮಿನಲ್ಲಿ ನೆನೆದ ಹಣ್ಣಿನ ಕೇಕು, ತೆಂಗಿನಹಾಲಿನ ಹಳದಿ ಅನ್ನದ ಜೊತೆ ಮಾಂಸದುಂಡೆಯ ಸಾರು: ಇದನ್ನೆಲ್ಲ ನೀವು ಚೆನ್ನಾಗಿ ಬರೆದಿದ್ದೀರಿ. ಅಲ್ಲಿ ಒಂದಕ್ಷರವನ್ನೂ ಮುಟ್ಟುವುದಿಲ್ಲ.

ಈಗ ಆ ‘ಏನೂ ಇರಲಿಲ್ಲ’ಕ್ಕೆ ಬರೋಣ. ಕಾಡುಗೋಡಿಯ ಕಾಶಿ ವಿಶ್ವೇಶ್ವರ ದೇವಸ್ಥಾನದಲ್ಲಿ ಹನ್ನೊಂದನೇ ಶತಮಾನದ ತಮಿಳು ಶಾಸನವಿದೆ. ಚೋಳರ ಕಾಲದ್ದು. ಪಟ್ಟಂದೂರಿನ ಕೆರೆ ಕಟ್ಟಿಸಿದ್ದನ್ನು ಅದು ಹೇಳುತ್ತದೆ. ಅಂದರೆ ವೈಟ್ ಸಾಹೇಬರಿಗೂ ಎಂಟುನೂರು ವರ್ಷ ಮೊದಲು ಯಾರೋ ಇಳಿಜಾರು ನೋಡಿ, ಏರಿ ಹಾಕಿ, ತೂಬು ಇಟ್ಟಿದ್ದರು. ನಿಮ್ಮ ಕರಡಿನ ಕೊನೇ ಅಧ್ಯಾಯದ ಟೆಕ್ ಪಾರ್ಕು ಐಟಿಪಿಎಲ್ ಇರುವುದು ಪಟ್ಟಂದೂರು ಅಗ್ರಹಾರದಲ್ಲಿ. ‘ಅಗ್ರಹಾರ’ ಎಂದರೆ ದಾನ ಕೊಟ್ಟ ಊರು. ದಾನ ಕೊಡಬೇಕಾದರೆ ಅಲ್ಲಿ ಬೆಳೆ ಇರಬೇಕು, ಬೆಳೆಯುವವರಿರಬೇಕು, ಅಳೆದ ಗಡಿ ಇರಬೇಕು. ಬಯಲನ್ನು ಯಾರೂ ದಾನ ಕೊಡುವುದಿಲ್ಲ ಸ್ವಾಮಿ. ನೀವು ದಿನಾ ಸಂಜೆ ಕಾರಿನಲ್ಲಿ ಕೂತು ಶಪಿಸುವ ವರ್ತೂರು ಕೋಡಿಯೂ ಸಿಗ್ನಲ್ಲಿನ ಹೆಸರಲ್ಲ. ಕೋಡಿ ಎಂದರೆ ಕೆರೆ ತುಂಬಿದಾಗ ಹೆಚ್ಚುವರಿ ನೀರು ಹೊರಬೀಳುವ ಜಾಗ.

‘ಖಾಲಿ’ ಎಂಬುದಕ್ಕೂ ಒಂದು ಕಾಲವಿದೆ, ಅದನ್ನು ನಿಮ್ಮ ಕರಡು ಮರೆತಿದೆ. 1876ರಿಂದ 78ರವರೆಗೆ ಮೈಸೂರು ಸಂಸ್ಥಾನ ಕಂಡ ಬರಗಾಲ ಎಂಥದ್ದೆಂದರೆ, 1871ರ ಜನಗಣತಿಯಲ್ಲಿ 50 ಲಕ್ಷ ದಾಟಿದ್ದ ಜನ 1881ರಲ್ಲಿ 42 ಲಕ್ಷಕ್ಕೆ ಇಳಿದಿದ್ದರು. ಆ ಗಣತಿಯ ಮರುವರ್ಷ ನಿಮ್ಮ ವೈಟ್‌ಫೀಲ್ಡ್ ಹುಟ್ಟಿತು. ಆ 3,900 ಎಕರೆಯೆಲ್ಲ ಬರದಿಂದಲೇ ಬೀಳುಬಿದ್ದದ್ದು ಎಂದು ನಾವು ಹೇಳುತ್ತಿಲ್ಲ. ಆದರೆ ಬರ ಮುಗಿದು ನಾಲ್ಕೇ ವರ್ಷಕ್ಕೆ ಸರ್ಕಾರದ ಕೈಯಲ್ಲಿದ್ದ ನೆಲವನ್ನು ‘ಅಲ್ಲಿ ಯಾರೂ ಇರಲಿಲ್ಲ’ ಎನ್ನುವ ಮುನ್ನ, ಇದ್ದವರು ಎಲ್ಲಿ ಹೋದರು ಎಂದು ಒಂದು ಸಾಲಾದರೂ ಕೇಳಬೇಕಲ್ಲವೇ? ಬಯಲಿಗೆ ದಾರಿಯೂ ಇರಲಿಲ್ಲ ಎಂದು ಬರೆದಿದ್ದೀರಿ. ಜೋಲಾರಪೇಟೆಯಿಂದ ಬೆಂಗಳೂರು ದಂಡಿಗೆ ರೈಲು ಓಡತೊಡಗಿದ್ದು 1864ರಲ್ಲಿ, ಅದೂ ಕಾಡುಗೋಡಿಯ ಮಗ್ಗುಲಲ್ಲೇ.

ನೀವು ಅಡಗಿಸಿಟ್ಟಿರುವ ಇನ್ನೊಂದು ಸಂಗತಿ, ಆ ನೆಲೆ ಸೋತದ್ದು. ಅದು ಬಂಗಲೆಗಳ ಬಡಾವಣೆಯಾಗಿ ಹುಟ್ಟಲಿಲ್ಲ, ಬೇಸಾಯದ ಊರಾಗಿ ಹುಟ್ಟಿತು. ರೈಲ್ವೆ, ತಂತಿ, ಕಸ್ಟಮ್ಸ್ ಕಚೇರಿಗಳ ನೌಕರಿಯನ್ನೇ ನೆಚ್ಚಿದ್ದ ಸಮುದಾಯ ನೇಗಿಲು ಹಿಡಿದು ಸ್ವಂತ ಕಾಲಮೇಲೆ ನಿಲ್ಲಲಿ ಎಂಬುದು ವೈಟ್ ಕನಸು. 1889ರಲ್ಲಿ ಅವರು ತೀರಿಕೊಂಡರು. ಊರು ಹುಟ್ಟಿ ಕಾಲು ಶತಮಾನ ಕಳೆದು 1907ರ ಹೊತ್ತಿಗೆ ಅಲ್ಲಿದ್ದವರು ನೂರಮೂವತ್ತರ ಆಸುಪಾಸು. ಅಷ್ಟು ನೆಲಕ್ಕೆ ದುಡಿಯುವ ಕೈಯೇ ಇಲ್ಲ. ಕಾರಣ ಹುಡುಕಲು ಬಹಳ ದೂರ ಹೋಗಬೇಕಿಲ್ಲ. ಈ ಸೀಮೆಯಲ್ಲಿ ಕೆರೆಯ ಅಚ್ಚುಕಟ್ಟಿನ ತರಿ ಜಮೀನು ಹಳ್ಳಿಯವರ ಕೈಯಲ್ಲೇ ಇರುತ್ತದೆ. ಸರ್ಕಾರ ಹಂಚುವುದು ಸಾಮಾನ್ಯವಾಗಿ ಮಳೆಯನ್ನೇ ನೆಚ್ಚಿದ ದಿಣ್ಣೆಯ ಖುಷ್ಕಿ. ವರ್ಷಕ್ಕೆ ತೊಂಬತ್ತು ಸೆಂಟಿಮೀಟರ್ ಮಳೆ, ಅದೂ ಮುಂಗಾರು ಒಂದಿಷ್ಟು, ಹಿಂಗಾರು ಒಂದಿಷ್ಟು. ಕೆಂಪುಮಣ್ಣು, ಕೆಳಗೆ ಗರಸು, ಅದರ ಕೆಳಗೆ ಬಂಡೆ. ರಾಗಿ ಹುರುಳಿ ಬರುತ್ತದೆ, ಅದಕ್ಕೆ ಹದ ನೋಡಿ ಬಿತ್ತುವ, ಕುಂಟೆ ಹೊಡೆಯುವ ತಲೆಮಾರಿನ ಅನುಭವ ಬೇಕು. ಪಿಂಚಣಿ ಹಿಡಿದು ಬಂದವರಿಗೆ ಅದೆಲ್ಲಿಂದ ಬರಬೇಕು? 1933ರಲ್ಲಿ ಈಗಿನ ಜಾರ್ಖಂಡಿನ ಮೆಕ್ಲಸ್ಕಿಗಂಜ್‌ನಲ್ಲಿ ಇದೇ ಸಮುದಾಯ ಇದೇ ಕನಸನ್ನು ಮತ್ತೆ ಕಂಡಿತು. ಅಲ್ಲೂ ಬೇಸಾಯ ಕೈಗೂಡಲಿಲ್ಲ, ಮಕ್ಕಳು ಊರು ಬಿಟ್ಟರು. ಸೋಲನ್ನು ಬರೆದರೆ ನಿಮ್ಮ ಹಿರಿಯರ ಮಾನ ಹೋಗುವುದಿಲ್ಲ. ಅವರು ಎಷ್ಟು ಎದೆಗಾರಿಕೆಯ ಕೆಲಸಕ್ಕೆ ಕೈಹಾಕಿದ್ದರು ಎಂಬುದು ಆಗಲೇ ಓದುವವನಿಗೆ ಗೊತ್ತಾಗುತ್ತದೆ.

ಚರ್ಚಿಲ್‌ಗೆ ನೀವು ಮೂರು ಪುಟ ಕೊಟ್ಟಿದ್ದೀರಿ, ಹಳ್ಳಿಗಳಿಗೆ ಮೂರು ಸಾಲು. ಆತ ಫೋರ್ತ್ ಹುಸ್ಸಾರ್ಸ್ ಕುದುರೆ ದಳದ ಜೊತೆ 1896ರಲ್ಲಿ ಬೆಂಗಳೂರಿಗೆ ಬಂದದ್ದು ನಿಜ, ಬೆಂಗಳೂರು ಕ್ಲಬ್ಬಿನಲ್ಲಿ 13 ರೂಪಾಯಿ ಬಾಕಿ ಉಳಿಸಿ ಹೋದದ್ದೂ ಲೆಕ್ಕದ ಪುಸ್ತಕದಲ್ಲಿದೆ. ವೇವರ್ಲಿ ಇನ್‌ನ ಮಾಲೀಕರ ಮಗಳಿಗೆ ಮನಸೋತಿದ್ದ ಎಂಬುದು ಮಾತ್ರ ಬಾಯಿಂದ ಬಾಯಿಗೆ ಬಂದ ಕತೆ. ಕಾಗದದಲ್ಲಿ ಉಳಿದಿರುವ ಪ್ರೇಮ, ಆತ ಅದೇ ವರ್ಷ ಸಿಕಂದರಾಬಾದಿನಲ್ಲಿ ಕಂಡ ಪಮೇಲಾ ಪ್ಲೌಡನ್‌ಳದ್ದು. ಕತೆ ಇರಲಿ, ‘ಹೀಗೊಂದು ಕತೆ’ ಎಂದೇ ಇರಲಿ, ಅರ್ಧ ಪುಟ ಸಾಕು.

ಉಳಿದ ಎರಡೂವರೆ ಪುಟವನ್ನು ತುಂಬುವ ದಾರಿ ಹೇಳುತ್ತೇವೆ, ಬರೆದಿಟ್ಟುಕೊಳ್ಳಿ. ಮೊದಲು ಕಂದಾಯ ಇಲಾಖೆಯ ತಾಣದಿಂದ ಪಟ್ಟಂದೂರು ಅಗ್ರಹಾರ, ಹಗದೂರು, ನಲ್ಲೂರಹಳ್ಳಿ, ಇಮ್ಮಡಿಹಳ್ಳಿ, ಕಾಡುಗೋಡಿ ಇವುಗಳ ಗ್ರಾಮ ನಕ್ಷೆ ಇಳಿಸಿಕೊಳ್ಳಿ. ಸರ್ವೆ ನಂಬರ್, ಕೆರೆಯ ಅಂಗಳ, ಹಳ್ಳ, ಬಂಡಿದಾರಿ, ಗಡಿಕಲ್ಲು ಎಲ್ಲ ಅದರಲ್ಲಿ ಕಾಣುತ್ತವೆ. ಅದನ್ನು ಇಂದಿನ ಉಪಗ್ರಹ ಚಿತ್ರದ ಮೇಲೆ ಕೂರಿಸುವಾಗ ಎಲ್ಲರೂ ಎಡವುವುದು ಒಂದೇ ಕಡೆ: ರಸ್ತೆಗೆ ರಸ್ತೆ ಹೊಂದಿಸಲು ಹೋಗುತ್ತಾರೆ. ರಸ್ತೆ ಅಗಲವಾಗಿರುತ್ತದೆ, ಜರುಗಿರುತ್ತದೆ. ಮೂರು ಊರು ಕೂಡುವ ಗಡಿಕಲ್ಲು, ಕೆರೆ ಏರಿಯ ಎರಡು ತುದಿ, ಹಳೆಯ ಗುಡಿ, ಹೀಗೆ ಅಲುಗಾಡದ ನಾಲ್ಕು ಜಾಗ ಹಿಡಿದರೆ ಮಾತ್ರ ನಕ್ಷೆ ಕೂರುತ್ತದೆ. ಆಮೇಲೆ ಸರ್ವೆ ನಂಬರುವಾರು ವಿಸ್ತೀರ್ಣದ ದಾಖಲೆಯಾದ ಆಕಾರಬಂದ್ ತೆಗೆಸಿ. ಅದರಲ್ಲಿ ‘ಬ’ ಖರಾಬು ಎಂದು ಬರೆದ ಗುಂಟೆಗಳನ್ನು ಬೇರೆ ಪಟ್ಟಿ ಮಾಡಿ. ದಾರಿ, ಹಳ್ಳ, ಸ್ಮಶಾನದಂಥ ಊರೊಟ್ಟಿನ ಜಾಗಗಳು ಅವು. ಒಂದು ಗುಂಟೆಗೆ 1,089 ಚದರಡಿ. ಕೂಡಿ ನೋಡಿ, ಅವು ಇಂದು ಯಾರ ಕಾಂಪೌಂಡಿನೊಳಗಿವೆ ಎಂದೂ ನೋಡಿ. ಸ್ಮರಣ ಸಂಚಿಕೆಗೆ ಜಾಹೀರಾತು ಕಡಿಮೆಯಾದೀತು, ಅದಕ್ಕೆ ನಾವು ಜವಾಬ್ದಾರರಲ್ಲ.

ಶಾಸನಕ್ಕೆ ಸಂಸ್ಥಾನದ ಶಾಸನಗಳನ್ನು ಸಂಗ್ರಹಿಸಿದ ಬಿ.ಎಲ್. ರೈಸ್ ಅವರ 1905ರ ಸಂಪುಟ, ಅಂದರೆ ಎಪಿಗ್ರಾಫಿಯಾ ಕರ್ನಾಟಿಕಾದ ಒಂಬತ್ತನೆಯದು, ನೋಡಬೇಕು. ಅಲ್ಲಿ ‘ಬೆಂಗಳೂರು ಪೂರ್ವ ತಾಲ್ಲೂಕು’ ಹುಡುಕಿ ‘ಏನೂ ಇಲ್ಲ’ ಎಂದು ಪುಸ್ತಕ ಮುಚ್ಚಬೇಡಿ. ಆಗ ಆ ತಾಲ್ಲೂಕೇ ಇರಲಿಲ್ಲ. ಊರಿನ ಹೆಸರು ಹಿಡಿದು ಅಕ್ಕಪಕ್ಕದ ತಾಲ್ಲೂಕುಗಳನ್ನೆಲ್ಲ ಜಾಲಾಡಿ. ಮಿಥಿಕ್ ಸೊಸೈಟಿಯವರು ಬೆಂಗಳೂರಿನ ಶಾಸನಗಳನ್ನು ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡಿಟ್ಟಿದ್ದಾರೆ, ಅದನ್ನೂ ನೋಡಿ. ಕಲ್ಲಿನ ಎದುರು ನಿಂತಾಗ ಸೀಮೆಸುಣ್ಣ, ಅರಿಸಿನ, ಎಣ್ಣೆ ಯಾವುದನ್ನೂ ಬಳಿಯಬೇಡಿ. ಬೆಳಗ್ಗೆ ಏಳರ ಅಥವಾ ಸಂಜೆ ಐದರ ಓರೆ ಬಿಸಿಲು ಸಾಕು. ನೆರಳಲ್ಲಿದ್ದರೆ ಕತ್ತಲಾದ ಮೇಲೆ ಟಾರ್ಚನ್ನು ಕಲ್ಲಿಗೆ ತಾಗುವಷ್ಟು ಪಕ್ಕದಿಂದ ಹಿಡಿದರೆ ಅಕ್ಷರ ಎದ್ದು ನಿಲ್ಲುತ್ತವೆ. ಎದುರಿನಿಂದ ಫ್ಲಾಶ್ ಹೊಡೆದರೆ ಎಲ್ಲವೂ ಚಪ್ಪಟೆ. ಪಡಿಯಚ್ಚು ಬೇಕಾದರೆ ತಿಳಿದವರ ಕೈಲಿ ಮಾಡಿಸಿ. ಕಲ್ಲನ್ನು ನೀರಿನಲ್ಲಿ ತೊಳೆದು, ಒದ್ದೆ ಕಾಗದ ಹಾಸಿ, ಬಿರುಸು ಬ್ರಶ್ಶಿನಿಂದ ಅಕ್ಷರದ ಗುಳಿಗೆ ಇಳಿಯುವಂತೆ ಬಡಿದು, ಅರ್ಧ ಒಣಗಿದಾಗ ಮಸಿಯ ಉಂಡೆಯನ್ನು ಮೆಲ್ಲಗೆ ತಟ್ಟಬೇಕು. ಅವಸರ ಮಾಡಿ ಹಸಿಯಲ್ಲೇ ತಟ್ಟಿದರೆ ಮಸಿ ಗುಳಿಗೂ ಹರಿದು ಓದಲು ಬಾರದಂತಾಗುತ್ತದೆ. ವೀರಗಲ್ಲುಗಳ ಗತಿ ಇನ್ನೂ ಕೆಟ್ಟದ್ದು. ಕೆಳಗೆ ಕಾಳಗ, ನಡುವೆ ಅಪ್ಸರೆಯರು, ಮೇಲೆ ಲಿಂಗಪೂಜೆ, ಈ ಪಟ್ಟಿಕೆಗಳ ನಡುವಿನ ಅಂಚಿನಲ್ಲಿ ಬರಹ. ಜೀರ್ಣೋದ್ಧಾರದವರು ಕಲ್ಲು ಬೀಳದಿರಲೆಂದು ಅರ್ಧಕ್ಕೆ ಕಾಂಕ್ರೀಟ್ ಸುರಿಯುತ್ತಾರೆ. ಕಾಳಗವೇ ಹೂತುಹೋಗುತ್ತದೆ. ಉಳಿದರ್ಧಕ್ಕೆ ಎನಾಮಲ್ ಪೇಂಟು.

ನಿಮ್ಮದೇ ಚರ್ಚಿನ ದೀಕ್ಷಾಸ್ನಾನದ ದಫ್ತರ ತೆಗೆಯಿರಿ. ತಂದೆಯ ಕಸುಬು ಬರೆಯುವ ಕಾಲಂ ಇರುತ್ತದೆ. ಹತ್ತು ಹತ್ತು ವರ್ಷಕ್ಕೆ ಎಣಿಸಿ, ಎಷ್ಟು ಜನ ರೈತ, ಎಷ್ಟು ಜನ ರೈಲ್ವೆ ಎಂದು. ಇನ್ನು ಹಳ್ಳಿಯ ಹಿರಿಯರ ಬಳಿ ಹೋದಾಗ ‘ಇತಿಹಾಸ ಹೇಳಿ ತಾತ’ ಎನ್ನಬೇಡಿ. ಹಾಗೆ ಕೇಳಿದರೆ ಟೀವಿಯಲ್ಲಿ ನೋಡಿದ್ದನ್ನೇ ಹೇಳುತ್ತಾರೆ. ತೂಬು ಎತ್ತುತ್ತಿದ್ದ ನೀರುಗಂಟಿ ಯಾರ ಮನೆಯವರು, ನೀರಿನ ಸರದಿ ಹೇಗಿತ್ತು, ಊರಹಬ್ಬದಲ್ಲಿ ತಂಬಿಟ್ಟಿನಾರತಿ ಯಾವ ದಾರಿಯಲ್ಲಿ ಬರುತ್ತಿತ್ತು ಎಂದು ಕೇಳಿ. ಅಜ್ಜಿಯರನ್ನು ಬಾವಿಯ ಬಗ್ಗೆ ಕೇಳಿ: ಯಾವುದು ಸಿಹಿ, ಯಾವುದು ಸವುಳು, ಯಾವುದಕ್ಕೆ ಯಾರನ್ನು ಇಳಿಯಗೊಡುತ್ತಿರಲಿಲ್ಲ. ಕೊನೆಯದನ್ನು ಎರಡನೇ ಸಲ ಹೋದಾಗ ಕೇಳುವುದು ಲೇಸು.

ಇದು ನಿಮ್ಮೊಬ್ಬರ ಮೇಲಿನ ಸಿಟ್ಟಲ್ಲ. 1898ರ ಪ್ಲೇಗಿನ ನಂತರ ಎದ್ದ ಮಲ್ಲೇಶ್ವರವನ್ನೂ ‘ಖಾಲಿ ಜಾಗದಲ್ಲಿ ಕಟ್ಟಿದ ಬಡಾವಣೆ’ ಎಂದೇ ಹಾಡಿ ಹೊಗಳುತ್ತಾರೆ. ಕಾಡು ಮಲ್ಲೇಶ್ವರನ ಗುಡಿಯ 1669ರ ಶಾಸನದಲ್ಲಿ ಶಿವಾಜಿಯ ಮಲತಮ್ಮ ಏಕೋಜಿ ದೇವರಿಗೆ ಬಿಟ್ಟುಕೊಟ್ಟ ಮೇದರನಿಂಗನಹಳ್ಳಿ ಎಲ್ಲಿ ಹೋಯಿತೋ ಯಾರೂ ಕೇಳುವುದಿಲ್ಲ. ಈಗಂತೂ ಅಪಾರ್ಟ್‌ಮೆಂಟಿಗೆ ಇಟಲಿಯ ಬೆಟ್ಟದ ಹೆಸರು, ಸ್ಪೇನಿನ ತೋಟದ ಹೆಸರು. ಹಳ್ಳಿಯ ಹೆಸರು ಉಳಿದಿರುವುದು ಕರೆಂಟು ಬಿಲ್ಲಿನಲ್ಲಿ ಮತ್ತು ನೋಂದಣಿ ಪತ್ರದ ಷೆಡ್ಯೂಲಿನಲ್ಲಿ. ಮೇಲ್ಗಡೆಯ ಕೊಳಚೆಯೆಲ್ಲ ಬೆಳ್ಳಂದೂರು ದಾಟಿ ವರ್ತೂರು ಕೆರೆಗೆ ಇಳಿದು ಕೋಡಿಯಲ್ಲಿ ನೊರೆಯಾಗಿ ರಸ್ತೆಗೆ ಹಾರಿದಾಗ ಎಲ್ಲರೂ ಫೋಟೊ ತೆಗೆದರು. ಅದು ಕೋಡಿ ಎಂಬುದು ಎಷ್ಟು ಜನಕ್ಕೆ ಗೊತ್ತಿತ್ತೋ. ನಿಮ್ಮ ಸಮುದಾಯಕ್ಕೂ ಇದೇ ಆಗಿದೆ. ಸ್ವಾತಂತ್ರ್ಯದ ನಂತರ ಅರ್ಧಕ್ಕರ್ಧ ಜನ ಆಸ್ಟ್ರೇಲಿಯಾ, ಇಂಗ್ಲೆಂಡಿಗೆ ಹಡಗು ಹತ್ತಿದರು. 2020ರ ಜನವರಿಯಿಂದ ಲೋಕಸಭೆ, ವಿಧಾನಸಭೆಗಳ ನಾಮನಿರ್ದೇಶನದ ಸ್ಥಾನವೂ ಇಲ್ಲ. ಅಳಿಸಿಹೋಗುವುದು ಹೇಗಿರುತ್ತದೆಂದು ಬಲ್ಲ ನೀವೇ ಪಕ್ಕದೂರನ್ನು ಅಳಿಸಿದರೆ ಹೇಗೆ?

ಕಮಾನಿನ ವಿಷಯ: ಕಟ್ಟಿಸಿಕೊಳ್ಳಿ, ಆದರೆ ಆ ದುಡ್ಡಿನಲ್ಲಿ ಹತ್ತಿಪ್ಪತ್ತು ಗ್ರಾಮ ನಕ್ಷೆ ದೊಡ್ಡದಾಗಿ ಅಚ್ಚುಹಾಕಿಸಬಹುದು. ಮೆಟ್ರೋ ಕಾಡುಗೋಡಿಯವರೆಗೆ 2023ರಲ್ಲೇ ಬಂದಿದೆ, ನಿಲ್ದಾಣದಲ್ಲಿ ಗೋಡೆಗೇನೂ ಬರವಿಲ್ಲ. ಕರಡನ್ನು ಕೆಂಪು ಶಾಯಿಯೊಂದಿಗೆ ಹಿಂದಿರುಗಿಸಿದ್ದೇವೆ. ನಾಲ್ಕನೇ ಪುಟದಲ್ಲಿ ಹಗದೂರು ‘ಹಗಾಡೂರ್’ ಆಗಿದೆ, ಏಳನೆಯದರಲ್ಲಿ ಪಟ್ಟಂದೂರು ‘ಪಟ್ಟಾಂಡೂರ್’. ಇಂಗ್ಲಿಷ್ ಬೋರ್ಡು ನೋಡಿ ಕನ್ನಡ ಬರೆದಂತಿದೆ. ಅಚ್ಚಿಗೆ ಹೋಗುವ ಮೊದಲು ಅವೆರಡನ್ನೂ ಸರಿಮಾಡಿ.