ಬಿಲ್ಲಿನ ಕೊನೆಯ ಸಾಲಿನ ‘ಕಾರ್ಬನ್ ಆಫ್‌ಸೆಟ್’

ಪ್ರಶ್ನೆ: ಅಕ್ಕಾವ್ರೆ, ನಮಸ್ಕಾರ. ನಾನು ಗೋಕುಲ ರಸ್ತೆಯ ಒಂದು ಕಾರ್ಖಾನೆಯಲ್ಲಿ ಅಕೌಂಟ್ಸ್ ನೋಡುತ್ತೇನೆ. ನಮ್ಮ ಮಾಲೀಕರು ಕೆಲಸದ ಮೇಲೆ ದಿಲ್ಲಿಗೆ ಬಾಡಿಗೆ ಜೆಟ್‌ನಲ್ಲಿ ಹೋಗಿದ್ದರು. ಬಿಲ್ಲಿನ ಕೊನೆಗೆ ‘ಕಾರ್ಬನ್ ಆಫ್‌ಸೆಟ್’ ಅಂತ 3,000 ರೂಪಾಯಿ ಹಾಕಿದ್ದಾರೆ. ಪಕ್ಕದಲ್ಲಿ ಹಸಿರು ಎಲೆಯ ಗುರುತು, ‘ನಿಮ್ಮ ಪ್ರಯಾಣ ಕಾರ್ಬನ್ ಮುಕ್ತ’ ಎಂಬ ಮಾತು. ಇಷ್ಟು ದುಡ್ಡಿಗೆ ವಿಮಾನದ ಹೊಗೆ ಇಲ್ಲದಂತಾಗುತ್ತದೆಯೇ? ಮಾಲೀಕರೂ ಕೇಳುತ್ತಿದ್ದಾರೆ.
— ಹುಬ್ಬಳ್ಳಿಯ ಓದುಗ

ಉತ್ತರ: ಇಲ್ಲ. ವಿಮಾನ ಬಿಟ್ಟ ಇಂಗಾಲದ ಡೈಆಕ್ಸೈಡ್ ಗಾಳಿಯಲ್ಲೇ ಇರುತ್ತದೆ, ಅದರಲ್ಲಿ ಒಂದು ಪಾಲು ನೂರಾರು ವರ್ಷ. ಬೇರೆ ಎಲ್ಲೋ, ಬೇರೆ ಯಾರೋ ಅಷ್ಟೇ ಇಂಗಾಲ ಕಡಿಮೆ ಮಾಡಿದ್ದಾರೆ ಎಂಬ ಲೆಕ್ಕಕ್ಕೆ ನಿಮ್ಮ ಹಣ ಹೋಗುತ್ತದೆ. ಆ ಲೆಕ್ಕ ಬಹಳ ಸಲ ಗಟ್ಟಿ ಇರುವುದಿಲ್ಲ. ನನ್ನ ತಕರಾರು ಇರುವುದೇ ಅಲ್ಲಿ.

ಮೊದಲು ನಿಮ್ಮ ಬಿಲ್ಲನ್ನೇ ನೋಡೋಣ. 1 ಕೆ.ಜಿ. ವಿಮಾನ ಇಂಧನ ಉರಿದರೆ 3.16 ಕೆ.ಜಿ. ಇಂಗಾಲದ ಡೈಆಕ್ಸೈಡ್ ಬರುತ್ತದೆ. ನಾನು ಧಾರವಾಡದಲ್ಲಿ ರಸಾಯನಶಾಸ್ತ್ರ ಕಲಿಸುವಾಗ ‘ಒಂದು ಕಿಲೋ ಮೂರು ಕಿಲೋ ಆಗೋದು ಹೆಂಗ್ರೀ ಮೇಡಂ’ ಎಂದು ಮಕ್ಕಳು ಕೇಳುತ್ತಿದ್ದರು. ಇಂಧನದ ಇಂಗಾಲ ಗಾಳಿಯ ಆಮ್ಲಜನಕವನ್ನು ಸೇರಿಸಿಕೊಳ್ಳುತ್ತದೆ, ಹಾಗಾಗಿ ತೂಕ ಜಾಸ್ತಿ. ಮಧ್ಯಮ ಗಾತ್ರದ ಜೆಟ್ ಗಂಟೆಗೆ ಸುಮಾರು 1,000 ಲೀಟರ್ ಕುಡಿಯುತ್ತದೆ ಅಂದುಕೊಳ್ಳಿ. ಅದರ ತೂಕ ಸುಮಾರು 800 ಕೆ.ಜಿ. ಅಂದರೆ ಗಂಟೆಗೆ ಎರಡೂವರೆ ಟನ್ ಇಂಗಾಲದ ಡೈಆಕ್ಸೈಡ್. ದಿಲ್ಲಿಗೆ ಎರಡು ಗಂಟೆ ಹಿಡಿದರೆ 5 ಟನ್. ನಿಮ್ಮ 3,000 ರೂಪಾಯಿಯನ್ನು ಇದಕ್ಕೆ ಭಾಗಿಸಿ: ಟನ್ನಿಗೆ 600 ರೂಪಾಯಿ. ಬಾಡಿಗೆ ಲಕ್ಷಗಳಲ್ಲಿ ಇರುವಾಗ ಇದು ಯಾರಿಗೂ ಭಾರವಲ್ಲ. ಇನ್ನೊಂದು ವಿಷಯ. ಜೆಟ್ ಮುಂಬೈಯಿಂದಲೋ ಬೆಂಗಳೂರಿನಿಂದಲೋ ಹುಬ್ಬಳ್ಳಿಗೆ ಖಾಲಿ ಬಂದಿದ್ದರೆ, ಆ ಹಾರಾಟ ಈ 5 ಟನ್ನಿನಲ್ಲಿ ಸೇರಿಲ್ಲ. ಅದನ್ನು ಕೇಳಲೇಬೇಕು.

ಈ 600 ರೂಪಾಯಿಗೆ ಸಿಗುವುದು ಒಂದು ಕಾರ್ಬನ್ ಕ್ರೆಡಿಟ್, ಅಂದರೆ ಒಂದು ಟನ್ ಇಂಗಾಲದ ಡೈಆಕ್ಸೈಡ್ ಕಡಿಮೆಯಾಗಿದೆ ಎಂಬ ಪ್ರಮಾಣಪತ್ರ. ವೆರ್ರಾ, ಗೋಲ್ಡ್ ಸ್ಟ್ಯಾಂಡರ್ಡ್ ಎಂಬ ಸಂಸ್ಥೆಗಳು ಇಂಥವನ್ನು ನೋಂದಾಯಿಸುತ್ತವೆ. ವಿಮಾನ ಕಂಪನಿ ಅದನ್ನು ಕೊಂಡು ನಿಮ್ಮ ಲೆಕ್ಕಕ್ಕೆ ಹಚ್ಚುತ್ತದೆ.

ಗದಗಿನ ಕಡೆ ಹೋದವರು ಕಪ್ಪತಗುಡ್ಡದ ಸಾಲಿನಲ್ಲಿ ದೊಡ್ಡ ಗಾಳಿ ಫ್ಯಾನುಗಳನ್ನು ನೋಡಿರುತ್ತೀರಿ. ಭಾರತದಿಂದ ಮಾರುಕಟ್ಟೆಗೆ ಬಂದ ಕ್ರೆಡಿಟ್‌ಗಳಲ್ಲಿ ಗಾಳಿ ಮತ್ತು ಸೌರ ವಿದ್ಯುತ್ತಿನವು ಬಹಳ. ಒಂದು ಕಾಲಕ್ಕೆ ಈ ವಿದ್ಯುತ್ ದುಬಾರಿ ಇತ್ತು, ಕ್ರೆಡಿಟ್ ಹಣ ನಿಜವಾಗಿ ನೆರವಾಗುತ್ತಿತ್ತು. ಈಗ ಇದು ಅಗ್ಗ. ನಿಮ್ಮ ಮಾಲೀಕರು ದುಡ್ಡು ಕೊಟ್ಟರೂ ಫ್ಯಾನು ತಿರುಗುತ್ತದೆ, ಕೊಡದಿದ್ದರೂ ತಿರುಗುತ್ತದೆ. ಹಾಗಾದರೆ ಆ ದುಡ್ಡಿನಿಂದ ಹೊಸದಾಗಿ ಕಡಿಮೆಯಾದ ಇಂಗಾಲ ಎಷ್ಟು? ಇದೇ ಕಾರಣಕ್ಕೆ ವೆರ್ರಾ ಮತ್ತು ಗೋಲ್ಡ್ ಸ್ಟ್ಯಾಂಡರ್ಡ್ ಭಾರತದಂಥ ದೇಶಗಳ ಹೊಸ ಗ್ರಿಡ್ ವಿದ್ಯುತ್ ಯೋಜನೆಗಳನ್ನು 2020ರ ಹೊತ್ತಿಗೇ ಕೈಬಿಟ್ಟವು. 2024ರ ಆಗಸ್ಟ್‌ನಲ್ಲಿ ಈ ಮಾರುಕಟ್ಟೆಯ ಗುಣಮಟ್ಟ ನೋಡುವ ಅಂತರರಾಷ್ಟ್ರೀಯ ಮಂಡಳಿಯೂ ಹಳೆಯ ವಿಧಾನದ ಇಂಥ ಕ್ರೆಡಿಟ್‌ಗಳಿಗೆ ತನ್ನ ಮುದ್ರೆ ಕೊಡಲು ಒಪ್ಪಲಿಲ್ಲ. ಆದರೂ ಹಳೆಯ ಕ್ರೆಡಿಟ್‌ಗಳು ಕಡಿಮೆ ಬೆಲೆಗೆ ಮಾರಾಟವಾಗುತ್ತವೆ.

ಕಾಡು ಉಳಿಸುವ ಕ್ರೆಡಿಟ್‌ಗಳ ಕತೆಯೂ ಹೀಗೇ. 2023ರ ಜನವರಿಯಲ್ಲಿ ಬ್ರಿಟನ್ನಿನ ಗಾರ್ಡಿಯನ್ ಪತ್ರಿಕೆ ಮತ್ತು ಜರ್ಮನಿಯ ಒಂದು ಪತ್ರಿಕೆ ಸೇರಿ ತನಿಖೆ ನಡೆಸಿದವು. ವೆರ್ರಾ ಒಪ್ಪಿದ ಮಳೆಕಾಡು ಕ್ರೆಡಿಟ್‌ಗಳಲ್ಲಿ ಶೇ. 90ಕ್ಕೂ ಹೆಚ್ಚು ನಿಜವಾದ ಕಡಿತ ತೋರಿಸುವುದಿಲ್ಲ ಎಂದು ಬರೆದವು. ವೆರ್ರಾ ಅದನ್ನು ಒಪ್ಪಲಿಲ್ಲ.

ಸರ್ಕಾರದ ಕಟ್ಟುಪಾಡು ಇಲ್ಲವೇ ಅಂತೀರಾ? ವಿಶ್ವಸಂಸ್ಥೆಯ ವಿಮಾನಯಾನ ಸಂಸ್ಥೆ 2016ರಲ್ಲಿ ಕೊರ್ಸಿಯಾ ಎಂಬ ಯೋಜನೆ ತಂದಿತು. ಅದು ಒಂದು ದೇಶದಿಂದ ಇನ್ನೊಂದಕ್ಕೆ ಹಾರುವ ವಿಮಾನಗಳಿಗೆ ಮಾತ್ರ. ಅದರಲ್ಲೂ ವರ್ಷಕ್ಕೆ 10,000 ಟನ್ನಿಗಿಂತ ಕಡಿಮೆ ಹೊಗೆ ಬಿಡುವ ಕಂಪನಿಗಳಿಗೆ ವಿನಾಯಿತಿ. ಹುಬ್ಬಳ್ಳಿ–ದಿಲ್ಲಿ ಜೆಟ್‌ಗೆ ಅದು ತಾಕುವುದೇ ಇಲ್ಲ. ನಿಮ್ಮ ಬಿಲ್ಲಿನ ಆ ಸಾಲು ಪೂರ್ತಿ ಕಂಪನಿಯ ಇಷ್ಟ.

ನನಗೆ ಕೊಂಚ ಭರವಸೆ ಇರುವುದು ಇಂಧನ ಬದಲಿಸುವುದರಲ್ಲಿ. ಬಳಸಿದ ಎಣ್ಣೆ, ಕಬ್ಬಿನ ಆಲ್ಕೋಹಾಲ್‌ನಂಥವುಗಳಿಂದ ಮಾಡುವ ವಿಮಾನ ಇಂಧನಕ್ಕೆ ಸ್ಯಾಫ್ ಎನ್ನುತ್ತಾರೆ. ತಯಾರಿಕೆಯಿಂದ ಉರಿಯುವವರೆಗೆ ಲೆಕ್ಕ ಹಾಕಿದರೆ ಇಂಗಾಲ ಶೇ. 80ರವರೆಗೆ ಕಡಿಮೆ ಮಾಡಬಲ್ಲದು. 2023ರ ಮೇ ತಿಂಗಳಲ್ಲಿ ಪುಣೆಯಿಂದ ದಿಲ್ಲಿಗೆ ಇಲ್ಲೇ ತಯಾರಾದ ಸ್ಯಾಫ್ ಬೆರೆಸಿದ ಪ್ರಯಾಣಿಕರ ವಿಮಾನ ಹಾರಿತು, ಬೆರಕೆ ಶೇ. 1ರಷ್ಟು. ನಮ್ಮ ಕಬ್ಬಿನ ಸೀಮೆಗೆ ಇದರಲ್ಲಿ ಕೆಲಸ ಇದೆ, ನೀರಿನ ಪ್ರಶ್ನೆಯೂ ಇದೆ.

ಇನ್ನು ನಿಮ್ಮ ಮಾಲೀಕರಿಗೆ. ಕಂಪನಿಗೆ ಪತ್ರ ಬರೆದು ಯೋಜನೆಯ ಹೆಸರು, ಕ್ರೆಡಿಟ್‌ನ ವರ್ಷ, ಸೀರಿಯಲ್ ನಂಬರ್ ಕೇಳಲಿ. ನಿಮ್ಮ ಹೆಸರಿನಲ್ಲಿ ಅದನ್ನು ರದ್ದು ಮಾಡಿದ ದಾಖಲೆಯನ್ನೂ ಕೇಳಲಿ. ಇಲ್ಲದಿದ್ದರೆ ಅದೇ ಕ್ರೆಡಿಟ್ ಇನ್ನೊಬ್ಬರಿಗೆ ಮಾರಾಟವಾಗಿಲ್ಲ ಎಂದು ನಂಬುವುದು ಹೇಗೆ? ಆ ‘ಕಾರ್ಬನ್ ಮುಕ್ತ’ ಎಂಬ ಮಾತನ್ನು ಮಾತ್ರ ನಿಮ್ಮ ವಾರ್ಷಿಕ ವರದಿಯಲ್ಲಿ ಹಾಕಬೇಡಿ. ಯುರೋಪಿನ ಒಂದು ಅಧ್ಯಯನದ ಪ್ರಕಾರ ಖಾಸಗಿ ಜೆಟ್‌ನಲ್ಲಿ ಒಬ್ಬ ಪ್ರಯಾಣಿಕನ ಪಾಲು ಸಾಮಾನ್ಯ ವಿಮಾನಕ್ಕಿಂತ 5ರಿಂದ 14 ಪಟ್ಟು ಜಾಸ್ತಿ. ಎಲ್ಲರೂ ಹೋಗುವ ವಿಮಾನದಲ್ಲಿ ಒಂದು ಸೀಟು ತೆಗೆದುಕೊಂಡರೆ, ಬೆಂಗಳೂರಿನಲ್ಲಿ ಇಳಿದು ಹತ್ತಬೇಕಾದರೂ, ಯಾವ ಕ್ರೆಡಿಟ್‌ಗಿಂತಲೂ ಅದು ಖಾತ್ರಿಯ ಉಳಿತಾಯ. ಬೆಂಗಳೂರಿಗೇ ಹೋಗುವುದಿದ್ದರೆ ಧಾರವಾಡದಿಂದ ವಂದೇ ಭಾರತ್ 2023ರ ಜೂನ್‌ನಲ್ಲೇ ಶುರುವಾಗಿದೆ.

ಪ್ರಶ್ನೆ: ಬದುವಿನಲ್ಲಿ ಗಿಡ ಹಚ್ಚಿದರೆ ಕಾರ್ಬನ್ ದುಡ್ಡು ಬರುತ್ತದೆ ಅಂತ ಒಬ್ಬರು ಬಂದು ಸಹಿ ಕೇಳಿದ್ದಾರೆ. ಮಾಡಲೇ?
— ಮುಂಡರಗಿ ಕಡೆಯ ರೈತ

ಉತ್ತರ: ಗಿಡ ಹಚ್ಚಿರಿ. ಸಹಿ ಮಾತ್ರ ತಡೀರಿ ಅಣ್ಣಾವ್ರೆ. ಇಂಥ ಕರಾರು ದಶಕಗಳ ಕಾಲದ್ದು. ಕ್ರೆಡಿಟ್ ಯಾರ ಹೆಸರಿನಲ್ಲಿ ಬರುತ್ತದೆ, ಮಾರಿದ ದುಡ್ಡಿನಲ್ಲಿ ನಿಮ್ಮ ಪಾಲೆಷ್ಟು, ಬರಗಾಲದಲ್ಲಿ ಗಿಡ ಒಣಗಿದರೆ ಹೊಣೆ ಯಾರದು, ಹೊಲ ಮಕ್ಕಳಿಗೆ ಪಾಲಾದರೆ ಏನು ಎಂಬುದನ್ನು ಕನ್ನಡದಲ್ಲಿ ಬರೆದುಕೊಡಲಿ. ಅದನ್ನು ಮನೆಯಲ್ಲಿ ಓದಿ, ವಕೀಲರಿಗೆ ತೋರಿಸಿ. ಪ್ರತಿ ಕೊಡಲು ಒಪ್ಪದಿದ್ದರೆ ಅವರನ್ನು ಕಳಿಸಿಬಿಡಿ.